ಗುಂಡು ತಳದ ಕೆಂಪು ಬಕೆಟ್ಟು

ಮನುಷ್ಯನಿಗೆ ಬರಬಾರದ ಕಾಯಿಲೆಗಳು ಬೇಕಾದಷ್ಟಿವೆ. ಅವುಗಳಲ್ಲಿ ಯಾವ ಡಾಕ್ಟರ ಹತ್ತಿರವೂ ಔಷಧಿ ಇಲ್ಲದ್ದು ಎಂದರೆ, ಹೇಳಿದ ಕೆಲಸವನ್ನು ಹೇಳಿದ್ದಕ್ಕಿಂತ ಚೆನ್ನಾಗಿ ಮಾಡಿ ತೋರಿಸುವ ಕಾಯಿಲೆ. ನನಗೆ ಅದು ಚಿಕ್ಕಂದಿನಿಂದ ಇದೆ. ಎಸ್ಸೆಸ್ಸೆಲ್ಸಿಯಲ್ಲಿ ಹಸುವಿನ ಮೇಲೆ ಪ್ರಬಂಧ ಬರೆಯಿರಿ ಎಂದಿದ್ದರೆ, ಹಸುವಿಗಿಂತ ಎಮ್ಮೆ ಯಾಕೆ ಮೇಲು ಎಂದು ಬರೆದು ಬಂದೆ. ಎರಡನೇ ಸಲ ಕೇಳಿದ್ದಕ್ಕಷ್ಟೇ ಉತ್ತರ ಬರೆದು ಪಾಸಾದೆ. ಅಲ್ಲಿಗೆ ಬುದ್ಧಿ ಬರಬೇಕಿತ್ತು. ಬಂದಿದ್ದರೆ ಈ ವಯಸ್ಸಿನಲ್ಲಿ ಕೂತು ತಪ್ಪೊಪ್ಪಿಗೆ ಬರೆಯುವ ಪ್ರಸಂಗವೇ ಇರುತ್ತಿರಲಿಲ್ಲ. ತಪ್ಪೊಪ್ಪಿಕೊಳ್ಳಲು ದೇವಸ್ಥಾನ ಇಲ್ಲವೇ ಎಂದು ನೀವು ಕೇಳಬಹುದು. ಇದೆಲ್ಲ ನಡೆಯುತ್ತಿದ್ದ ಕಾಲದಲ್ಲೇ ಹೋಗಿದ್ದೆ. ಅಭಿಷೇಕದ ನೀರಿಗೆ ಪೂಜಾರಿ ಹಿಡಿದಿದ್ದ ಬಕೆಟ್ಟು ನೋಡಿ ಹೊಸ್ತಿಲಿಂದಲೇ ವಾಪಸು ಬಂದೆ. ಅದು ನಾನು ಮಾಡಿಸಿದ ಬಕೆಟ್ಟು.

ಗುಬ್ಬಿಗೂ ಕುಣಿಗಲ್ಲಿಗೂ ನಡುವೆ ನಮ್ಮದೊಂದು ಊರು. ಹೆಸರು ಹೇಳುವುದಿಲ್ಲ. ಹೇಳಿದರೆ ಊರಿನವರು ಜಗಳಕ್ಕೆ ಬರುತ್ತಾರೆ, ಅವರಲ್ಲಿ ಅರ್ಧ ಜನ ನನ್ನ ನೆಂಟರು. ಅಲ್ಲಿ ನನ್ನದು ಕಬ್ಬಿಣದ ಸಾಮಾನಿನ ಅಂಗಡಿ: ಟ್ರಂಕು, ಬಾಂಡ್ಲಿ, ಗುದ್ದಲಿ, ಕೊಬ್ಬರಿ ಮಂಡಿಯವರಿಗೆ ಬೇಕಾದ ತಕ್ಕಡಿ. ವ್ಯಾಪಾರಕ್ಕೆ ಮೋಸವಿರಲಿಲ್ಲ. ಆದರೆ ನನಗೆ ಕಂಟ್ರಾಕ್ಟರ್ ಆಗುವ ಆಸೆ. ತೊಂಬತ್ತರ ದಶಕದಲ್ಲಿ ನಮ್ಮ ಕಡೆ ಕಂಟ್ರಾಕ್ಟರ್ ಎಂದರೆ ಸಾಮಾನ್ಯವೇ? ಬಿಳಿ ಸಫಾರಿ ಹಾಕಿಕೊಂಡು ಬಂದರೆ ತುಂಬಿದ ಬಸ್ಸಿನಲ್ಲೂ ಕಂಡಕ್ಟರು ಯಾರನ್ನಾದರೂ ಎಬ್ಬಿಸಿ ಸೀಟು ಕೊಡುತ್ತಿದ್ದ. ನಾನು ಮೊದಲು ಸಫಾರಿ ಹೊಲಿಸಿಕೊಂಡೆ. ಆಮೇಲೆ ಕಂಟ್ರಾಕ್ಟು ಹುಡುಕತೊಡಗಿದೆ.

ಅದು ಸಿಕ್ಕಿದ್ದು ಗುಬ್ಬಿ ಸಂತೆಯ ಬೋಂಡದ ಪೊಟ್ಟಣದಲ್ಲಿ. ಬೋಂಡ ಮುಗಿದ ಮೇಲೆ ಕೈ ಒರೆಸಿಕೊಳ್ಳುವ ಮೊದಲು ಪೇಪರು ಓದುವುದು ನನ್ನ ಅಭ್ಯಾಸ. ಬೆಂಕಿ ಆರಿಸುವ ಇಲಾಖೆಯವರಿಗೆ ಕೆಂಪು ಬಣ್ಣದ ಕಬ್ಬಿಣದ ಬಕೆಟ್ಟುಗಳು ಬೇಕಂತೆ, ಟೆಂಡರು ಕರೆದಿದ್ದಾರೆ. ಕೊನೆಯ ದಿನಾಂಕದ ಮೇಲೆ ಸರಿಯಾಗಿ ಎಣ್ಣೆ ಕೂತಿತ್ತು. ಆ ಪೇಪರನ್ನೇ ಹಿಡಿದು ತುಮಕೂರಿಗೆ ಹೋದೆ. ಗುಮಾಸ್ತರು ಅದನ್ನು ತುದಿ ಬೆರಳಲ್ಲಿ ಎತ್ತಿ, "ನಾಳೆ ಲಾಸ್ಟ್ ಡೇಟು. ಚಟ್ನಿ ತರಲಿಲ್ವೇನ್ರೀ?" ಎಂದರು.

ಟೆಂಡರಿಗೆ ಒಬ್ಬನೇ ಅರ್ಜಿ ಹಾಕಿದರೆ ಮತ್ತೆ ಕರೆಯುತ್ತಾರೆ, ಕನಿಷ್ಠ ಮೂವರು ಇರಬೇಕು ಎಂದು ಯಾರೋ ಹೇಳಿದರು. ಹಾಗಾಗಿ ಎಲ್ಲರೂ ಮಾಡುವುದನ್ನೇ ನಾನೂ ಮಾಡಿದೆ. ನನ್ನದೊಂದು, ನಿಟ್ಟೂರಿನ ಭಾವಮೈದುನ ನಾಗರಾಜನದೊಂದು, ಹೆಂಡತಿ ಗಂಗಮ್ಮನದೊಂದು. ಮೂರನ್ನೂ ನಾನೇ ಬರೆದೆ. ಅನುಮಾನ ಬರದಿರಲೆಂದು ಒಂದಕ್ಕೆ ನೀಲಿ ಇಂಕು, ಒಂದಕ್ಕೆ ಕಪ್ಪು, ಒಂದಕ್ಕೆ ಹಸಿರು. ಇಂಕಿನ ಮೇಲೆ ಇಷ್ಟು ನಿಗಾ ಇಟ್ಟವನು ಕವರು ಅಂಟಿಸುವಾಗ ಮೈಮರೆತೆ. ಅತಿ ಕಡಿಮೆ ದರ ಹೆಂಡತಿಯ ಕವರಿಗೆ ಹೋಯಿತು. ತೆರೆದ ದಿನ ಸಾಹೇಬರು ಗಟ್ಟಿಯಾಗಿ, "ಶ್ರೀಮತಿ ಗಂಗಮ್ಮ, ಕಂಟ್ರಾಕ್ಟರ್" ಎಂದು ಕೂಗಿದರು. ಸಫಾರಿಯಲ್ಲಿ ಎದ್ದು ನಿಂತ ನನ್ನನ್ನು ನೋಡಿ, "ನೀವ್ಯಾರು?" ಎಂದರು. "ಅವರ ಕಡೆಯವನು ಸ್ವಾಮಿ" ಎಂದೆ. ಅವತ್ತಿನಿಂದ ಇವತ್ತಿನವರೆಗೂ ಸರ್ಕಾರದ ಪ್ರಕಾರ ನಾನು ಅವಳ ಕಡೆಯವನೇ.

ಗಂಗಮ್ಮ ರೊಟ್ಟಿ ತಟ್ಟುತ್ತಲೇ ಟೆಂಡರಿನ ಷರತ್ತುಗಳನ್ನೆಲ್ಲ ಓದಿಸಿ ಕೇಳಿದಳು. ಅದರಲ್ಲಿ, ಬಕೆಟ್ಟಿನ ತಳ ಗುಂಡಗಿರಬೇಕು ಎಂದಿತ್ತು. ನನಗೆ ನಗು ಬಂತು. ಗುಂಡು ತಳದ ಬಕೆಟ್ಟು ನೆಲದ ಮೇಲೆ ನಿಲ್ಲುವುದುಂಟೇ? ಇಟ್ಟರೆ ಉರುಳುತ್ತದೆ. ಯಾರೋ ಬೆಂಗಳೂರಿನಲ್ಲಿ ಫ್ಯಾನಿನ ಕೆಳಗೆ ಕೂತು, ಜನ್ಮದಲ್ಲಿ ಒಂದು ಬಕೆಟ್ಟು ಎತ್ತದವನು ಬರೆದದ್ದು ಇದು.

"ಗುಂಡಗೆ ಅಂದವ್ರೆ, ಗುಂಡಗೇ ಮಾಡ್ಸಿ" ಎಂದಳು.

"ನಿನಗೇನೇ ಗೊತ್ತು? ಚಪ್ಪಟೆ ಮಾಡಿಸಿ ಕೊಟ್ರೆ ಕೈಯೆತ್ತಿ ಮುಗೀತಾರೆ."

"ಕಂಟ್ರಾಕ್ಟರು ನಾನು ಕಣ್ರೀ."

"ಹೂಂ, ರೊಟ್ಟಿ ಸೀಯ್ತಿದೆ ನೋಡು" ಎಂದೆ.

ಕುಣಿಗಲ್ಲಿನ ತಗಡಿನ ಕೆಲಸದ ಖಲೀಲಣ್ಣನ ಬಳಿ ಹೋದಾಗ ಅವನೂ ನನ್ನ ಪಕ್ಷವೇ ಆದ. "ಉರುಳೋ ಬಕೆಟ್ ಯಾವ ದೊರೆಗೆ ಬೇಕಣ್ಣ? ನಾನು ಕೊಡ್ತೀನಿ ನೋಡು, ಆನೆ ಒದ್ರೂ ಅಲ್ಲಾಡಬಾರದು" ಎಂದ. ಹಾಗೇ ಮಾಡಿದ. ಎಂಥ ಬಕೆಟ್ಟುಗಳು! ದಪ್ಪ ತಗಡು, ಕೈಗೆ ಹಿತವಾದ ಹಿಡಿ, ರಕ್ತದಂಥ ಕೆಂಪು, ಹೊಟ್ಟೆಯ ಮೇಲೆ ಬಿಳಿ ಬಣ್ಣದಲ್ಲಿ 'ಬೆಂಕಿ' ಎಂಬ ಬರಹ. ನೆಲಕ್ಕಿಟ್ಟರೆ ಮದುವೆಗೆ ಬಂದ ಬೀಗರ ಹಾಗೆ ಗಟ್ಟಿಯಾಗಿ ಕೂರುತ್ತಿದ್ದವು.

ಸಾಮಾನು ಒಪ್ಪಿಸಿಕೊಳ್ಳಬೇಕಾದವನು ನಮ್ಮೂರಿನ ಬೆಂಕಿ ಆರಿಸುವ ಠಾಣೆಯ ಹನುಮಂತರಾಯಪ್ಪ. ನನ್ನ ಜೊತೆ ಓದಿದವನು, ನನ್ನಂತೆಯೇ ಎರಡನೇ ಸಲ ಪಾಸಾದವನು. ದೊಡ್ಡ ಮೀಸೆ, ಮೆತ್ತನೆ ಮನಸ್ಸು. ಬಕೆಟ್ಟುಗಳ ಸುತ್ತ ಒಂದು ಪ್ರದಕ್ಷಿಣೆ ಬಂದು, "ತಳ ಗುಂಡಗೆ ಅಂತ ಇತ್ತಲ್ಲ ನಂಜಪ್ಪ?" ಎಂದ.

"ಸುಧಾರಿಸಿದ್ದೀನಿ ಕಣಯ್ಯ. ನೋಡು, ಹೆಂಗೆ ನಿಂತವೆ!"

ಅವನು ಮೀಸೆ ತಿರುವಿ ನೋಡಿದ. ನಿಂತಿದ್ದವು. "ನೀನು ಹೇಳಿದ ಮೇಲೆ ಸರಿ ಬುಡು" ಎಂದು ಸಹಿ ಹಾಕಿದ. ಆ ಸಹಿ ಅವನು ನನಗಾಗಿ ಹಾಕಿದ್ದು. ಅದನ್ನು ನೀವೂ ನೆನಪಿಟ್ಟುಕೊಳ್ಳಿ, ನಾನಂತೂ ಮರೆತಿಲ್ಲ.

ಮರಳು ತುಂಬಿದ ಬಕೆಟ್ಟುಗಳು ಠಾಣೆಯ ಮುಂದೆ, ಮಂಡಿಯ ಹತ್ತಿರ, ಟೆಂಟ್ ಸಿನಿಮಾದ ಬಾಗಿಲಲ್ಲಿ, ಅಲ್ಲಲ್ಲಿ ಕೊಕ್ಕೆಗಳಲ್ಲಿ ನೇತಾಡಿದವು. ದಿನಾ ಸಂಜೆ ಸಫಾರಿ ಹಾಕಿಕೊಂಡು ಅವುಗಳ ಮುಂದೆ ಓಡಾಡಿ ಬರುತ್ತಿದ್ದೆ. ಸ್ವಲ್ಪ ಕಾಲ ಕಳೆದ ಮೇಲೆ ಟೀ ಅಂಗಡಿಯಲ್ಲಿ ಲೋಟ ಅದ್ದುವುದಕ್ಕೆ ಒಂದು ಕೆಂಪು ಬಕೆಟ್ಟು ಕಂಡಿತು. ಕಟ್ಟಡದ ಕೆಲಸದಲ್ಲಿ ಗಾರೆ ಹೊರುವುದಕ್ಕೆ ಇನ್ನೊಂದು. ಹಸುವಿನ ಮುಂದೆ ಬೂಸಾ ಕಲಸಿಟ್ಟದ್ದು ಮತ್ತೊಂದು. ನಿಜ ಹೇಳಬೇಕೆಂದರೆ ಮೊದಮೊದಲು ನನಗೆ ಹೆಮ್ಮೆಯೇ ಆಯಿತು. ನನ್ನ ಸುಧಾರಣೆಯನ್ನು ಜನ ಮೆಚ್ಚಿದ್ದಾರೆ ಎಂದುಕೊಂಡೆ. ಹುಲಿಯೂರುದುರ್ಗದ ಕಡೆ ಒಂದು ಮದುವೆಗೆ ಹೋಗಿದ್ದಾಗ ಪಂಕ್ತಿಯಲ್ಲಿ ಸಾರು ಬಡಿಸುತ್ತಾ ಬಂದ ನಮ್ಮೂರಿನ ಅಡುಗೆಯವನ ಕೈಯಲ್ಲಿಯೂ ಅದೇ ಬಕೆಟ್ಟು. ಪಕ್ಕದಲ್ಲಿ ಕೂತ ಮುದುಕರು ಅದರ ಮೇಲಿನ ಬರಹ ಓದಿ, "ವಾಸಿ ಕಣಯ್ಯ, ಖಾರ ಅಂತ ಮೊದ್ಲೇ ಬರೆದವ್ರೆ" ಎಂದು ಎಲೆಗೆ ಕೈ ಅಡ್ಡ ಹಿಡಿದರು. ಅಷ್ಟು ದೂರ ಹೋಗಿತ್ತು ನನ್ನ ಕೀರ್ತಿ.

ವಿಚಿತ್ರವೆಂದರೆ ಮರಳನ್ನು ಯಾರೂ ಕದಿಯಲಿಲ್ಲ. ಬಕೆಟ್ಟನ್ನು ಕೊಕ್ಕೆಯ ಕೆಳಗೆ ನಾಜೂಕಾಗಿ ಬೋರಲು ಹಾಕಿ ಎತ್ತಿಕೊಂಡು ಹೋಗುತ್ತಿದ್ದರು. ರಾತ್ರಿ ಮಳೆ ಬಿದ್ದು ಮರಳು ತೇವವಾಗಿದ್ದರೆ ಬೆಳಿಗ್ಗೆ ಅಲ್ಲೊಂದು ಮರಳಿನ ಬಕೆಟ್ಟು ನಿಂತಿರುತ್ತಿತ್ತು. ನಮ್ಮೂರಿನವರು ಸರ್ಕಾರದ ಸೊತ್ತನ್ನು ಪೂರ್ತಿ ಮುಟ್ಟುವವರಲ್ಲ.

ಒಂದು ಮಧ್ಯಾಹ್ನ ಹನುಮಂತರಾಯಪ್ಪ ಅಂಗಡಿಗೆ ಬಂದು ಟ್ರಂಕಿನ ಮೇಲೆ ಕೂತ. ಮೀಸೆ ಇಳಿದಿತ್ತು. "ಮುಂದಿನ ತಿಂಗಳು ನಾನು ರಿಟೈರು ಕಣ್ಲಾ ನಂಜಪ್ಪ. ಸಾಮಾನು ನೋಡಕ್ಕೆ ಸಾಹೇಬ್ರು ಬರ್ತಾರೆ. ಬಕೆಟ್ಟು ಇಲ್ಲ ಅಂದ್ರೆ ಪೆನ್ಶನ್ ಪೇಪರು ಮುಂದಕ್ಕೆ ಹೋಗಲ್ಲ" ಎಂದ. ಆಮೇಲೆ ತುಮಕೂರಿನಲ್ಲಿ ತಿಳಿದುಕೊಂಡು ಬಂದ ಒಂದು ಸಂಗತಿ ಹೇಳಿದ. "ತಳ ಗುಂಡಗೆ ಯಾಕೆ ಇರ್ತದೆ ಗೊತ್ತೇನ್ಲಾ? ಕೆಳಗಿಟ್ರೆ ನಿಲ್ಲಬಾರದು ಅಂತ. ನಿಲ್ಲದ ಬಕೆಟ್ ತಗೊಂಡು ಯಾರು ತಾನೆ ಏನು ಮಾಡ್ತಾರೆ? ಅದಕ್ಕೇ ಅದು ಕೊಕ್ಕೇಲೇ ಇರ್ತದೆ. ಬೆಂಕಿ ಬಿದ್ದಾಗ ಸಿಗ್ತದೆ."

ನಾನು ತಕ್ಕಡಿಯ ಕಡೆ ನೋಡಿದೆ. ಅವನ ಮುಖ ನೋಡಲಾಗಲಿಲ್ಲ. ಬೆಂಗಳೂರಿನ ಫ್ಯಾನಿನ ಕೆಳಗೆ ಕೂತ ಆ ಪುಣ್ಯಾತ್ಮನಿಗೆ ನಮ್ಮೂರಿನ ಜನ ನನಗಿಂತ ಚೆನ್ನಾಗಿ ಗೊತ್ತಿದ್ದರು.

ಬಕೆಟ್ಟುಗಳನ್ನು ವಾಪಸು ತರುತ್ತೇನೆಂದು ಮಾತು ಕೊಟ್ಟು ಮನೆ ಮನೆ ತಿರುಗಿದೆ. ಟೀ ಅಂಗಡಿಯ ಶೆಟ್ಟರು, "ಇದು ನಮ್ಮಪ್ಪನ ಕಾಲದ್ದು" ಎಂದರು. ಅವರಪ್ಪ ತೀರಿಕೊಂಡಾಗ ಹೆಗಲು ಕೊಟ್ಟವನು ನಾನೇ. ಆಗ ಖಲೀಲಣ್ಣನಿಗೆ ಇನ್ನೂ ಮೀಸೆ ಬಂದಿರಲಿಲ್ಲ. ಪೂಜಾರಿ, "ದೇವರ ಬಕೆಟ್ಟು ಕೇಳ್ತೀಯೇನಪ್ಪ?" ಎಂದು ಕಣ್ಣು ಮುಚ್ಚಿದರು. ಬೂಸಾ ಕಲಸುತ್ತಿದ್ದ ಸಣ್ಣಮ್ಮಜ್ಜಿ ಮಾತ್ರ ಸತ್ಯ ನುಡಿದಳು: "ಹೂಂ ಕಣಪ್ಪ, ಅಲ್ಲಿಂದ್ಲೇ ತಂದೆ. ಏನ್ ಚೆಂದಾಗಿ ನಿಲ್ತದೆ! ಮಾಡ್ಸಿದೋರು ನೂರು ಕಾಲ ಬಾಳ್ಲಿ." ಆ ಆಶೀರ್ವಾದ ಹೊತ್ತು ಬರಿಗೈಯಲ್ಲಿ ಮನೆಗೆ ಬಂದೆ.

ಇನ್ನೊಂದು ವಾರದಲ್ಲಿ ಸಾಹೇಬರು ಬರುವುದಿತ್ತು. ಅವತ್ತು ಬೆಳಿಗ್ಗೆ ಬಚ್ಚಲ ಒಲೆಯ ಬೂದಿ ತೆಗೆದು ಹಿತ್ತಲಿಗೆ ಸುರಿದೆ. ಮನಸ್ಸೆಲ್ಲ ಹನುಮಂತನ ಪೆನ್ಶನ್ನಿನ ಮೇಲೆ. ಬೂದಿಯಲ್ಲಿ ಕೆಂಡವಿದ್ದದ್ದು ನೋಡಲಿಲ್ಲ. ಪಕ್ಕದಲ್ಲೇ ತೆಂಗಿನಕಾಯಿ ಸಿಪ್ಪೆಯ ರಾಶಿ. ಸ್ವಲ್ಪ ಹೊತ್ತಿಗೆಲ್ಲ ಗಂಗಮ್ಮ, "ಏನ್ರೀ, ಹಿತ್ಲು ಉರೀತದೆ!" ಎಂದು ಕೂಗಿದಳು. ಠಾಣೆಗೆ ಫೋನು ಮಾಡಿದರೆ ಬೆಂಕಿ ಆರಿಸುವ ಬಂಡಿ ಯಾರೋ ಮಂತ್ರಿಗಳ ಸಮಾರಂಭಕ್ಕೆ ಹೋಗಿದೆಯಂತೆ. "ನಾನಿದೀನಿ, ಬರ್ತೀನಿ" ಎಂದ ಹನುಮಂತರಾಯಪ್ಪ.

ಅಷ್ಟರಲ್ಲಿ ಊರೇ ಬಂತು. ನಮ್ಮೂರಿನವರ ಬಗ್ಗೆ ಯಾರು ಏನೇ ಹೇಳಲಿ, ಬೆಂಕಿ ಎಂದರೆ ಉಣ್ಣುವ ಎಲೆ ಬಿಟ್ಟು ಓಡಿಬರುವ ಜನ. ಮತ್ತು ಬರುವಾಗ ಪ್ರತಿಯೊಬ್ಬರೂ ಕೈಗೆ ಸಿಕ್ಕ ಬಕೆಟ್ಟು ಹಿಡಿದೇ ಬಂದರು. ಶೆಟ್ಟರು ಅಪ್ಪನ ಕಾಲದ ಬಕೆಟ್ಟು ತಂದರು. ಪೂಜಾರಿ ದೇವರದು ತಂದರು. ಸಣ್ಣಮ್ಮಜ್ಜಿ ಬೂಸಾ ಸಮೇತ ತಂದಳು. ನಿಟ್ಟೂರಿನಿಂದ ಹುರುಳಿಕಾಯಿ ಕೊಡಲು ಬಂದಿದ್ದ ನಾಗರಾಜನ ಮೊಪೆಡ್ಡಿಗೂ ಒಂದು ನೇತಾಡುತ್ತಿತ್ತು. ಕಾಯಿ ಸುರಿದು ಅವನೂ ಸಾಲಿಗೆ ನಿಂತ. ಬೋರಿನಿಂದ ಹಿತ್ತಲಿನವರೆಗೆ ಕೈಯಿಂದ ಕೈಗೆ ಕೆಂಪು ಬಕೆಟ್ಟುಗಳ ಮೆರವಣಿಗೆ! ಸುರಿಯುವುದು, ಕೆಳಗಿಡುವುದು, ತುಂಬುವುದು, ಒಂದಾದರೂ ಉರುಳಲಿಲ್ಲ. ಆ ಗಾಬರಿಯಲ್ಲೂ ನನ್ನೊಳಗಿನ ಕಾಯಿಲೆ, "ನೋಡು, ಚಪ್ಪಟೆ ತಳದ ಉಪಯೋಗ" ಎಂದು ಪಿಸುಗುಟ್ಟಿತು.

ಹನುಮಂತರಾಯಪ್ಪ ತಲೆಗೆ ಹೆಲ್ಮೆಟ್ಟು ಹಾಕಿಕೊಂಡು ಸೈಕಲ್ ಬೆಲ್ ಬಾರಿಸುತ್ತಾ ಬಂದ. ಸಾಲು ನೋಡಿದ. ಸೈಕಲ್ಲು ಕೈಬಿಟ್ಟು ಬಿತ್ತು. ಕಿಡಿ ಆರುವವರೆಗೂ ಎಲ್ಲರ ಜೊತೆ ನೀರು ಹೊಯ್ದ. ಆಮೇಲೆ ಹೋಗಿ ಗೇಟು ಹಾಕಿ ಅದಕ್ಕೆ ಬೆನ್ನು ಕೊಟ್ಟು ನಿಂತ.

"ಎಲ್ರಿಗೂ ಕೈ ಮುಗೀತೀನಿ. ಒಳ್ಳೆ ಕೆಲ್ಸ ಮಾಡಿದ್ರಿ. ಮನುಷ್ಯರು ಹೋಗ್ಬೋದು. ಬಕೆಟ್ಟು ಇಲ್ಲೇ ಇರ್ಲಿ."

ಒಬ್ಬೊಬ್ಬರಾಗಿ ಬಕೆಟ್ಟು ಕೆಳಗಿಟ್ಟು ಹೊರಟರು. ಶೆಟ್ಟರು ಮಾತ್ರ, "ಸರ್ಕಾರದ್ದು ಅಂತ ಗೊತ್ತೇ ಇರ್ಲಿಲ್ಲ ಕಣಪ್ಪ" ಎಂದು 'ಬೆಂಕಿ' ಎನ್ನುವ ಬರಹವನ್ನು ಗೋಡೆಗೆ ತಿರುಗಿಸಿಟ್ಟು ಹೋದರು. ಹನುಮಂತ ಎಣಿಸಿದ. ಮತ್ತೆ ಎಣಿಸಿದ. ಒಂದು ಕಡಿಮೆ.

"ಇನ್ನೊಂದು ಯಾವ ಕಳ್ಳನ ಮನೇಲದೆಯೋ!" ಎಂದ.

ಗಂಗಮ್ಮ ಸಿಪ್ಪೆಯ ಬೂದಿಯೊಳಗೆ ಕೋಲು ಹಾಕಿ ಒಂದು ಕರಿ ಹಿಡಿದ ಬಕೆಟ್ಟನ್ನು ಎಳೆದು ತಂದು ಅವನ ಮುಂದಿಟ್ಟಳು. ಬೆಳಿಗ್ಗೆ ನಾನು ಬೂದಿ ಹೊತ್ತದ್ದು ಅದರಲ್ಲಿ, ಸುರಿದು ಅಲ್ಲೇ ಬಿಟ್ಟು ಬಂದಿದ್ದೆ. ಹಿಡಿ ಸಡಿಲವಾಗಿದೆ ಎಂದು ಠಾಣೆಯಿಂದ ರಿಪೇರಿಗೆ ತಂದಿದ್ದೆ. ರಿಪೇರಿ ಮಾಡಿದೆ, ಚೆನ್ನಾಗಿದೆ ಎನಿಸಿತು, ಬಚ್ಚಲಲ್ಲಿಟ್ಟೆ. ದೇವರಾಣೆಗೂ ಅದು ಕಳವು ಎಂದು ನನಗೆ ಅನ್ನಿಸಿರಲಿಲ್ಲ. ಊರೆಲ್ಲ ಕಳ್ಳರನ್ನು ಹುಡುಕಿ ಬಂದು ದಿನಾ ಅದೇ ಬಕೆಟ್ಟಿನ ನೀರಿನಲ್ಲಿ ಕಾಲು ತೊಳೆದು ಒಳಗೆ ಹೋಗುತ್ತಿದ್ದೆ. ಬೆಂಕಿ ಆರಿಸುವ ಬಕೆಟ್ಟಿನಲ್ಲಿ ಬೆಂಕಿ ಹೊತ್ತು ಸುರಿದವನು ಈ ಜಿಲ್ಲೆಯಲ್ಲಿ ನಾನೊಬ್ಬನೇ ಇರಬೇಕು.

ಹನುಮಂತ ನನ್ನ ಮುಖ ನೋಡಿದ. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಅವನು ನಗತೊಡಗಿದ. ಹೆಲ್ಮೆಟ್ಟು ಬಿದ್ದುಹೋಗುವವರೆಗೂ ನಕ್ಕ.

ಸಾಹೇಬರು ಬಂದರು. ಎಲ್ಲ ಬಕೆಟ್ಟುಗಳೂ ಬಣ್ಣ ಹೊಡೆಸಿಕೊಂಡು ಕೊಕ್ಕೆಯಲ್ಲಿದ್ದವು. ತಳ ಮುಟ್ಟಿ ನೋಡಿ ಅವರಿಗೆ ಆಶ್ಚರ್ಯ. "ಚಪ್ಪಟೆ ತಳ! ಆದರೂ ಒಂದೂ ಹೋಗಿಲ್ಲ! ಇಷ್ಟು ಪ್ರಾಮಾಣಿಕ ಊರನ್ನು ನನ್ನ ಸರ್ವೀಸಿನಲ್ಲೇ ಕಂಡಿಲ್ಲ" ಎಂದರು. ಊರಿನ ಹಿರಿಯರು, ಶೆಟ್ಟರೂ ಸೇರಿ, ತಲೆ ತಗ್ಗಿಸಿ ವಿನಯದಿಂದ ಆ ಹೊಗಳಿಕೆ ಸ್ವೀಕರಿಸಿದರು. ಹನುಮಂತನ ಪೇಪರು ಮುಂದಕ್ಕೆ ಹೋಯಿತು. ಹಾರ ಹಾಕಿಸಿಕೊಂಡು ಮನೆಗೆ ಹೋದ.

ಆದರೆ ಗಂಗಮ್ಮ ನನ್ನನ್ನು ಬಿಡಲಿಲ್ಲ. "ನನ್ನ ಹೆಸರಿನ ಕಂಟ್ರಾಕ್ಟು, ಅವರು ಹೇಳಿದ ಹಾಗೇ ಆಗ್ಬೇಕು" ಎಂದು ಹಟ ಹಿಡಿದಳು. ಖಲೀಲಣ್ಣ ರುಬ್ಬುವ ಗುಂಡಿನ ಮೇಲೆ ತಗಡು ಬಡಿದು ಬಡಿದು ಗುಂಡು ತಳ ಮಾಡಿದ. ಹಳೆಯವನ್ನು ಬಿಚ್ಚಿಕೊಂಡು ಹೊಸವನ್ನು ನಮ್ಮ ಖರ್ಚಿನಲ್ಲೇ ನೇತುಹಾಕಿದೆವು. ಸಫಾರಿ ಮೂಲೆ ಸೇರಿತು. ಇಷ್ಟು ವರ್ಷವಾದರೂ ಆ ಬಕೆಟ್ಟುಗಳಲ್ಲಿ ಒಂದನ್ನೂ ಯಾರೂ ಮುಟ್ಟಿಲ್ಲ.

ಖಲೀಲಣ್ಣ ಮೊದಲು ಮಾಡಿದ ಗುಂಡು ತಳದ ಮಾದರಿಯೊಂದು ನಮ್ಮ ಮನೆಯಲ್ಲಿ ಉಳಿದಿದೆ. ಹಜಾರದಲ್ಲಿಟ್ಟರೆ ಉರುಳಿ ಬಾಗಿಲಿಗೆ ಹೋಗುತ್ತದೆ, ಬಾಗಿಲಲ್ಲಿಟ್ಟರೆ ಕಾಲಿಗೆ ಸಿಗುತ್ತದೆ. ಹಳೇ ಕಬ್ಬಿಣದವನು ಕೂಡ ಎತ್ತಿ ನೋಡಿ, ತಿರುಗಿಸಿ ನೋಡಿ, ಅಲ್ಲೇ ಇಟ್ಟು ಹೋದ. ಮೊನ್ನೆ ಅದಕ್ಕೆ ಎಡವಿ ರೇಗಿ, "ಇದನ್ನ ಯಾಕೆ ಇನ್ನೂ ಇಟ್ಕೊಂಡಿದ್ದೀಯೇ?" ಎಂದೆ.

ಕಂಟ್ರಾಕ್ಟರು ರಾಗಿ ಕೇರುತ್ತಾ ಕೂತಿದ್ದಳು. ತಲೆಯೆತ್ತಿ ಬಕೆಟ್ಟನ್ನೊಮ್ಮೆ, ನನ್ನನ್ನೊಮ್ಮೆ ನೋಡಿದಳು.

"ಇರ್ಲಿ ಬುಡಿ, ಅಭ್ಯಾಸ ಆಗದೆ. ಎಲ್ಲಿಟ್ರೂ ನಿಲ್ಲಲ್ಲ, ಯಾರೂ ಎತ್ಕೊಂಡೂ ಹೋಗಲ್ಲ. ಅಂಥದ್ದು ಈ ಮನೇಲಿ ಇದೊಂದೇ ಏನು?"

ನಾನು ಬಕೆಟ್ಟನ್ನು ಎತ್ತಿ ಗೋಡೆಗೆ ಒರಗಿಸಿ, ನಾನೂ ಪಕ್ಕದಲ್ಲಿ ಒರಗಿ ಕೂತೆ.