ಗೋಡೆಯ ಮೇಲಿನ ಮಗು

ಎಲ್ಲದಕ್ಕೂ ಕಾರಣ ಒಂದು ಲೋಟ ಟೀ. ಸಿನಿಮಾ ಸೆಟ್ಟಿನ ಗೋಡೆಗಳಿಗೆ ಮೊಳೆ ಹೊಡೆದೂ ಹೊಡೆದೂ ಸ್ವಂತ ಹೆಸರನ್ನೇ ಕಳೆದುಕೊಂಡು ‘ಮೊಳೆ’ ಆಗಿದ್ದವನು ಬೆಳಿಗ್ಗೆ ಏಣಿಯಿಂದ ಇಳಿಯುವಾಗ ಅವನ ಮೊಣಕೈ ಆ ಲೋಟಕ್ಕೆ ತಗುಲಿತು. ಟೀ ಸುರಿದದ್ದು ನಿರ್ಮಾಪಕರ ಮೊಮ್ಮಗನ ಫೋಟೋದ ಮೇಲೆ.

ಮಗುವನ್ನು ಕಳೆದುಕೊಂಡ ತಂದೆತಾಯಿಯ ಕತೆ ಆ ಸಿನಿಮಾ. ಚಿತ್ರದುದ್ದಕ್ಕೂ ಮಗು ಬರುವುದು ಗೋಡೆಯ ಫೋಟೋದಲ್ಲಿ ಮಾತ್ರ. ಸತ್ತ ಮಗುವಿನ ಪಾತ್ರಕ್ಕೆ ಸ್ವಂತ ಮೊಮ್ಮಗನನ್ನು ಯಾರಾದರೂ ಕೊಡುತ್ತಾರೆಯೇ? ನಿರ್ಮಾಪಕರು ಕೊಟ್ಟಿದ್ದರು. ಮನೆಯವರಲ್ಲಿ ಒಬ್ಬರಾದರೂ ತೆರೆಯ ಮೇಲೆ ಬರಲಿ ಎಂಬ ಆಸೆ ಅವರಿಗೆ.

ಮೊಳೆಯ ಮನೆ ಹಿಂದಿನ ಬೀದಿಯಲ್ಲೇ ಇತ್ತು. ಓಡಿಹೋಗಿ, ಅಮ್ಮ ಕಪಾಟಿನ ಮೇಲಿಟ್ಟಿದ್ದ ತನ್ನ ಎರಡು ವರ್ಷದ ಫೋಟೋವನ್ನು ಫ್ರೇಮಿನ ಸಮೇತ ತಂದು ನೇತುಹಾಕಿದ. ಗುಂಗುರು ಕೂದಲು, ಗುಳಿ ಬಿದ್ದ ಕೆನ್ನೆ. ಕಂಡವನು ಮೇಕಪ್ಪಣ್ಣ ಒಬ್ಬನೇ.

“ಯಾರಿಗೂ ಹೇಳಲ್ಲ ಬಿಡೋ” ಎಂದ ಅವನು. ಮೊಳೆಗೆ ಆಗಲೇ ಹೆದರಿಕೆಯಾಗಬೇಕಿತ್ತು.

ಶೂಟಿಂಗ್ ಶುರುವಾಯಿತು. ನಾಯಕಿ ಫೋಟೋವನ್ನು ಎದೆಗವಚಿಕೊಂಡು, “ನಿನ್ನಂಥ ಚಿನ್ನ ಎಲ್ಲಿ ಸಿಗುತ್ತೆ ಕಂದಾ!” ಎಂದು ಬಿಕ್ಕಿ ಬಿಕ್ಕಿ ಅತ್ತಳು. ಕಟ್ ಎಂದ ಕೂಡಲೇ, “ಏ ಮೊಳೆ, ಕತ್ತೆ ಥರ ನಿಂತಿದೀಯಲ್ಲ, ಕುರ್ಚಿ ಎಲ್ಲಿ?” ಎಂದಳು. ತನಗಾಗಿ ಇಷ್ಟು ಅತ್ತವರು ಇನ್ನಾರೂ ಇರಲಿಲ್ಲವಾದ್ದರಿಂದ ಮೊಳೆ ಬೇಸರ ಮಾಡಿಕೊಳ್ಳಲಿಲ್ಲ.

ಮಧ್ಯಾಹ್ನ ನಿರ್ಮಾಪಕರೇ ಬಂದರು. ಕನ್ನಡಕ ಏರಿಸಿ ಫೋಟೋ ನೋಡಿದರು.

“ನನ್ನ ಮೊಮ್ಮಗ! ಮೂಗು ಥೇಟ್ ನಂದೇ!”

ಎಲ್ಲರೂ ಹೌದೌದು ಎಂದರು. ಬದುಕಿದೆಯಾ ಬಡಜೀವವೇ ಎಂದುಕೊಂಡ ಮೊಳೆ.

ಉಳಿದದ್ದು ಕೊನೆಯ ದೃಶ್ಯ. ತಂದೆತಾಯಿ ಬಾಗಿಲು ತೆರೆದರೆ, ಬದುಕಿದ್ದರೆ ಹೀಗಿರುತ್ತಿದ್ದ ಎಂಬಂತೆ ಬೆಳೆದ ಮಗ ಹೊಸ್ತಿಲಲ್ಲಿ ನಿಂತಿರುತ್ತಾನೆ. ಮಾತಿಲ್ಲ, ಒಂದೇ ಕ್ಷಣ. ಬರಬೇಕಾದ ನಟ ಕೈಕೊಟ್ಟಿದ್ದ.

“ಫೋಟೋದ ಹೋಲಿಕೆ ಇರೋರು ಯಾರಾದ್ರೂ ಇದೀರಾ?” ಎಂದರು ನಿರ್ದೇಶಕರು.

ಹನ್ನೆರಡು ವರ್ಷದಿಂದ ಮೊಳೆ ಕಾದದ್ದು ಇದಕ್ಕೇ. ಪ್ರತಿ ಸಿನಿಮಾಕ್ಕೂ ಅಮ್ಮ ನೆರೆಮನೆಯವರನ್ನು ಕಟ್ಟಿಕೊಂಡು ಹೋಗಿ, “ಆ ಗಡಿಯಾರ ನೇತುಹಾಕಿದ್ದು ನನ್ನ ಮಗ” ಎನ್ನುತ್ತಿದ್ದಳು. “ಗಡಿಯಾರ ಚೆನ್ನಾಗಿದೆ, ಮಗ ಎಲ್ಲಿ?” ಎಂದು ಅವರು ನಗುತ್ತಿದ್ದರು.

“ನಾನು ನಿಲ್ತೀನಿ ಸಾರ್.”

“ನೀನಾ? ಆ ಮಗೂಗೂ ನಿಂಗೂ ಎಲ್ಲಿಂದೆಲ್ಲಿಗಪ್ಪಾ?”

ಮೇಕಪ್ಪಣ್ಣನ ಬಾಯಲ್ಲಿ ಗುಟ್ಟು ನಿಲ್ಲಲಿಲ್ಲ. “ಸಾರ್, ಅದು ಇವನದೇ ಫೋಟೋ!”

“ನನ್ನ ಮೊಮ್ಮಗನ್ನ ನಾನು ಗುರುತಿಸಲ್ವೇನಯ್ಯಾ?” ನಿರ್ಮಾಪಕರು ಕೆಂಡವಾದರು.

ಒಪ್ಪಿಕೊಂಡರೆ ಕೆಲಸ ಹೋಗುತ್ತದೆ, ಸುಮ್ಮನಿದ್ದರೆ ಹೊಸ್ತಿಲು ಹೋಗುತ್ತದೆ. ಮೊಳೆ ಬಾಗಿಲನ್ನೊಮ್ಮೆ ನೋಡಿದ.

“ನಾನೇ ಸಾರ್. ಬೇಕಿದ್ರೆ ನಮ್ಮಮ್ಮನ್ನ ಕೇಳಿ.”

ಕರೆಸಿದರು. ಒದ್ದೆ ಕೈ ಸೆರಗಿಗೆ ಒರೆಸಿಕೊಳ್ಳುತ್ತ ಬಂದ ಅಮ್ಮ ಫೋಟೋ ನೋಡಿ ಪೆಚ್ಚಾದಳು. ಮಗನನ್ನು ಪಕ್ಕಕ್ಕೆಳೆದು ಪಿಸುಗುಟ್ಟಿದಳು. ಆ ಪಿಸುಮಾತು ಮೇಲೆ ಕೂತ ಲೈಟಿನವನಿಗೂ ಕೇಳಿಸಿತು.

“ಫೋಟೋ ತೆಗ್ಸಕ್ಕೆ ಹೋದ್ರೆ ನೀನು ಬಾಯಿ ಬಡ್ಕೊಂಡೆ, ಒಂದೂ ಸರಿಯಾಗಿ ಬರ್ಲಿಲ್ಲ. ಫ್ರೇಮ್ ಮೊದ್ಲೇ ತಂದಾಗಿತ್ತು. ಇದು ಅಂಗಡೀಲಿ ಫ್ರೇಮ್ ಜೊತೇಲೇ ಬಂದಿದ್ದು ಕಣೋ. ಮುದ್ದಾಗಿತ್ತು, ತೆಗೆಯೋಕೆ ಮನಸ್ಸಾಗ್ಲಿಲ್ಲ. ನೀನು ಒಂದಿನ ‘ಇದು ನಾನಾ’ ಅಂದೆ. ಹೂಂ ಅಂದ್ಬಿಟ್ಟೆ.”

“ಹಾಗಾದ್ರೆ ನನ್ನ ಮೊಮ್ಮಗ ಎಲ್ಲಿ?” ಎಂದು ಕಿರುಚಿದರು ನಿರ್ಮಾಪಕರು.

“ಮೇಜಿನ ಕೆಳಗೆ ಒಣಗ್ತಿದಾನೆ ಸಾರ್” ಎಂದ ಮೇಕಪ್ಪಣ್ಣ.

ಆಮೇಲಿನ ಬೈಗುಳ ಮೊಳೆಯ ಕಿವಿಗೆ ಬೀಳಲಿಲ್ಲ. ಆ ಗುಂಗುರು ಕೂದಲು, ಆ ಗುಳಿಕೆನ್ನೆ, ಇಷ್ಟು ವರ್ಷ ತಾನೇ ಆಗಿದ್ದ ಮಗು ಈಗತಾನೇ ಇಲ್ಲವಾಗಿತ್ತು. ನಿಜಕ್ಕೂ ದುಃಖವಾಯಿತು. ತುಟಿ ನಡುಗಿತು, ಕಣ್ಣು ತುಂಬಿತು.

“ಯಾರೂ ಅಲ್ಲಾಡ್ಬೇಡಿ!” ಎಂದು ನಿರ್ದೇಶಕರು ಕೂಗಿದರು. ಮೊಳೆಯ ಎದೆ ಹಿಗ್ಗಿತು. ಅವರು ತಂದೆಯ ಪಾತ್ರದ ನಾಯಕನ ತೋಳು ಹಿಡಿದು ಎಳೆತಂದರು. “ಬೆಳಿಗ್ಗೆಯಿಂದ ಹೇಳ್ತಿದ್ದೆನಲ್ಲ ಸಾರ್, ಮಗು ಕಳ್ಕೊಂಡೋರ ಮುಖ ಇದು. ನೋಡ್ಕೊಳ್ಳಿ.”

ನಾಯಕ ಎರಡು ನಿಮಿಷ ನೋಡಿಕೊಂಡು ಒಂದೇ ಟೇಕಿನಲ್ಲಿ ಮುಗಿಸಿದ. ಹೊಸ್ತಿಲಲ್ಲಿ ನಿಂತವನು ಮೇಕಪ್ಪಣ್ಣ. ಅವನ ಕೆನ್ನೆಯಲ್ಲಿ ಗುಳಿ ಇತ್ತು.

ಸಿನಿಮಾ ಬಿಡುಗಡೆಯಾದ ದಿನ ಅಮ್ಮ ಎಂದಿನಂತೆ ನೆರೆಮನೆಯವರನ್ನು ಕರೆದುಕೊಂಡು ಹೋದಳು. ನಾಯಕನ ಕಣ್ಣು ತುಂಬಿದಾಗ ಹೆಮ್ಮೆಯಿಂದ ಬೆರಳು ತೋರಿಸಿದಳು. “ಆ ಅಳು ನನ್ನ ಮಗನದ್ದು.”

“ಅಳು ಚೆನ್ನಾಗಿದೆ, ಮಗ ಎಲ್ಲಿ?” ಎಂದರು ಅವರು.