ಸೌಟಿಲ್ಲದ ಅತ್ತೆ

ರಾಜಲಕ್ಷ್ಮಮ್ಮನ ಗ್ರಹಚಾರ ಆ ದಿನ ಹುರುಳಿಕಾಯಿಯಿಂದ ಶುರುವಾಯಿತು.

ಬೆಳಗ್ಗೆ ಮಧುಗಿರಿ ಪೇಟೆಯಲ್ಲಿ ಕುಕ್ಕರುಗಾಲಲ್ಲಿ ಕೂತು ಎಳೆಕಾಯಿ ಆರಿಸುತ್ತಿದ್ದರೆ, ತರಕಾರಿ ಮಾರುವ ಚಿಕ್ಕಕ್ಕ ಬುಟ್ಟಿಯನ್ನೇ ಹಿಂದಕ್ಕೆಳೆದುಕೊಂಡಳು.

"ನಿಂಗೆ ಕೊಡಾಕಿಲ್ಲ ಹೋಗಮ್ಮ. ಆ ಬಡಪಾಯಿ ಸೊಸೆ ಉಣ್ಣಾಕೆ ಕುಂತಿದ್ರೆ ಸೌಟಲ್ಲಿ ಹೊಡ್ದು, ತಟ್ಟೇನ ಅಂಗಳಕ್ಕೆ ಬಿಸಾಕ್ಬುಟ್ಟೆಯಲ್ಲ, ಕರುಳು ಅನ್ನೋದು ಐತಾ ನಿಂಗೆ?"

"ಅದು ಸಿನಿಮಾ ಕಣೇ! ತಟ್ಟೇಲಿ ಅನ್ನಾನೇ ಇರ್ಲಿಲ್ಲ, ಹತ್ತಿ ಇತ್ತು."

"ಅನ್ನ ಇಕ್ಕದೆ ಹತ್ತಿ ಇಕ್ಕಿದ್ಯಾ? ಶಿವನೇ!"

ಪೇಟೆಯೆಲ್ಲ ತಿರುಗಿ ನೋಡಿತು. ರಾಜಲಕ್ಷ್ಮಮ್ಮ ಬರಿಗೈಯಲ್ಲಿ ಮನೆಗೆ ಬಂದಳು.

ಹದಿನಾಲ್ಕನೇ ವಯಸ್ಸಿಗೆ ನಾಟಕದ ಕಂಪನಿ ಸೇರಿದವಳು ಅವಳು. ಇಪ್ಪತ್ತೈದು ವರ್ಷ ಸೀತೆಯಾಗಿ, ಚಂದ್ರಮತಿಯಾಗಿ ಊರೂರನ್ನೇ ಅಳಿಸಿದ್ದಳು. ಪಾವಗಡದಲ್ಲಿ ಹೆಂಗಸರು ರಂಗದ ಮೇಲೇ ಬಂದು ಮಡಿಲು ತುಂಬಿದ್ದರು. ನಾಟಕದಲ್ಲಿ ಒಂದು ಅನುಕೂಲವಿತ್ತು. ಇವತ್ತು ಶೂರ್ಪನಖಿಯಾಗಿ ಉಗಿಸಿಕೊಂಡರೂ ನಾಳೆ ಸೀತೆಯಾಗಿ ಕೈಮುಗಿಸಿಕೊಳ್ಳಬಹುದು. ಈ ಹಾಳು ಸಿನಿಮಾದಲ್ಲಿ ಅದಿಲ್ಲ. ಕಂಪನಿ ಮುಚ್ಚಿ ಹನ್ನೆರಡು ವರ್ಷದ ಮೇಲೆ ಮದರಾಸಿಗೆ ಹೋಗಿ ಏಳೇ ಏಳು ದಿನ ಗಯ್ಯಾಳಿ ಅತ್ತೆಯಾಗಿದ್ದಳು. ಈಗ ಮೂರು ವಾರದಿಂದ ಊರಾಚೆಯ ಟೆಂಟಿನಲ್ಲಿ ದಿನಕ್ಕೆರಡು ಆಟ, ಅದೇ ಸೊಸೆಗೆ ಅದೇ ಸೌಟಿನೇಟು.

ಹುರುಳಿಕಾಯಿ ಹೋದರೆ ಹೋಗಲಿ. ಆದರೆ ಅಂದೇ ಮಧ್ಯಾಹ್ನ ಸಿರಾದ ನಾಗಲಿಂಗಯ್ಯ ದಂಪತಿ ತಮ್ಮ ಮಗಳನ್ನು ಕೊಡುವ ಮಾತಿಗಾಗಿ ಮನೆ ನೋಡಲು ಬರುವವರಿದ್ದರು. ಕೊರಟಗೆರೆಯಲ್ಲಿ ಮೇಷ್ಟ್ರಾಗಿದ್ದ ಮಗ ಶಂಕರಲಿಂಗಪ್ಪನಿಗೆ ಮೂವತ್ತೊಂದು ದಾಟಿತ್ತು. 'ನಾಟಕದವಳ ಮಗ' ಎಂದು ತಿಳಿದೊಡನೆ ಮೂರು ಸಂಬಂಧಗಳು ಹೊಸಿಲಿನಿಂದಲೇ ವಾಪಸಾಗಿದ್ದವು. ಸೀತೆಗೆ ಚಪ್ಪಾಳೆ ತಟ್ಟಿದ ಕೈಗಳೇ ಸೀತೆಯ ಮಗನಿಗೆ ಹೆಣ್ಣು ಕೊಡುವುದಿಲ್ಲವೆಂದರೆ ಹೆತ್ತವಳಿಗೆ ಹೇಗಾಗಬೇಡ?

ಪಕ್ಕದ ಮನೆಯ ಖಾಜಾಬಿ ಇದನ್ನೆಲ್ಲ ಕೇಳಿ ಎದೆಯ ಮೇಲೆ ಕೈಯಿಟ್ಟುಕೊಂಡಳು.

"ಅರೆ ಅಮ್ಮಾ, ಹೋದ ತಿಂಗಳು ಆ ಸಿನಿಮಾ ಸಿರಾದಲ್ಲೇ ಇತ್ತು! ಅವರು ನೋಡಿರ್ತಾರೆ. ಇವತ್ತು ನೀವು ಬೆಣ್ಣೆ ಆಗಿರ್ಬೇಕು. ಕೆಮ್ಮಿದ್ರೂ ಮೆಲ್ಲಗೆ. ಸೌಟಂತೂ ಕಣ್ಣಿಗೇ ಬೀಳಬಾರ್ದು."

ಹಾಗೆಂದವಳೇ ಮನೆಯಲ್ಲಿದ್ದ ಸೌಟು, ಚಮಚ, ಮಜ್ಜಿಗೆ ಕಡೆಯುವ ಕಡಗೋಲನ್ನೂ ಬಿಡದೆ ಸೆರಗಿಗೆ ತುಂಬಿಕೊಂಡು ತನ್ನ ಮನೆಗೆ ಸಾಗಿಸಿಬಿಟ್ಟಳು.

ನಾಗಲಿಂಗಯ್ಯ, ಶಿವರುದ್ರಮ್ಮ ಮಧ್ಯಾಹ್ನದ ಬಸ್ಸಿಗೆ ಬಂದರು. ರಾಜಲಕ್ಷ್ಮಮ್ಮ ಬಿಸಿ ಉಪ್ಪಿಟ್ಟನ್ನು ಲೋಟದಲ್ಲಿ ತೋಡಿ ತೋಡಿ ಬಡಿಸಿದಳು. ಬೆರಳು ಸುಟ್ಟರೂ ನಕ್ಕಳು. ಅಷ್ಟರಲ್ಲಿ ಬೆಕ್ಕು ಬಂದು ಕಾಫಿಗಿಟ್ಟ ಹಾಲಿಗೆ ಬಾಯಿ ಹಾಕಿತು.

"ಕುಡೀಲಿ ಬಿಡಿ, ಪಾಪ, ಬಾಯಿಲ್ಲದ ಪ್ರಾಣಿ," ಎಂದಳು.

ಬೀಗರಾಗಬೇಕಾದವರು ಮುಖ ಮುಖ ನೋಡಿಕೊಂಡರು.

"ಅಲ್ಲ ತಾಯಿ, ಸೊಸೆ ಹೊತ್ತೇರಿದ ಮೇಲೆ ಎದ್ರೆ?" ಶಿವರುದ್ರಮ್ಮ ಕೇಳಿದಳು.

"ನಾನೇ ಕಾಫಿ ಕೊಟ್ಟು ಎಬ್ಬಿಸ್ತೀನಿ."

"ಎದುರು ಮಾತಾಡಿದ್ರೆ?"

"ಮಾತಾಡ್ಲಿ, ಮಕ್ಕಳಲ್ವೇ?"

"ಚೊಂಬು ಎಸೆದ್ರೆ?"

ರಾಜಲಕ್ಷ್ಮಮ್ಮ ಎದುರಿದ್ದ ನೀರಿನ ಚೊಂಬನ್ನು ಮೆಲ್ಲಗೆ ಹಿಂದಕ್ಕೆ ಸರಿಸಿದಳು. "ಎಸೆದ್ರೆ... ಎತ್ತಿಡ್ತೀನಿ."

"ಏಳಿ, ಬಸ್ಸಿಗೆ ಹೊತ್ತಾಯ್ತು," ಎಂದು ಶಿವರುದ್ರಮ್ಮ ಎದ್ದೇಬಿಟ್ಟಳು.

"ಯಾಕಮ್ಮ? ನನ್ನಿಂದೇನು ತಪ್ಪಾಯ್ತು?" ರಾಜಲಕ್ಷ್ಮಮ್ಮನಿಗೆ ಅಳುವೇ ಬಂತು.

ನಾಗಲಿಂಗಯ್ಯ ತಲೆ ಕೆರೆದುಕೊಂಡ. "ಮುಚ್ಚಿಟ್ಟು ಏನು ಬಂತು ತಾಯಿ? ನಮ್ಮ ಹುಡ್ಗಿ ಸ್ವಲ್ಪ ಜೋರು. ನೋಡಿ, ಈ ಹಣೆ ಗಾಯ ಯುಗಾದೀದು, ಮೊಣಕೈದು ದೀಪಾವಳೀದು. ನಿಮ್ಮ ಸಿನಿಮಾ ಮೂರು ಸಲ ನೋಡಿದ್ವಿ. ಇಂಥ ಅತ್ತೆ ಸಿಕ್ಕಿದ್ರೆ ಇವಳು ಹದಕ್ಕೆ ಬತ್ತಾಳೆ ಅಂತ ಆಸೆಪಟ್ಕೊಂಡು ಬಂದ್ವಿ. ನೀವು ನೋಡಿದ್ರೆ ಇಂಗೆ! ಒಂದೇ ವಾರಕ್ಕೆ ನಿಮ್ಮನ್ನ ಅರೆದು ಕುಡಿದುಬುಡ್ತಾಳೆ."

ಮೂಲೆಯಲ್ಲಿ ಕೂತಿದ್ದ ಶಂಕರಲಿಂಗಪ್ಪ ಮೆಲ್ಲಗೆ ತನ್ನ ಹಣೆ ಮುಟ್ಟಿಕೊಂಡ. ರಾಜಲಕ್ಷ್ಮಮ್ಮ ಅದನ್ನು ಕಂಡಳು. ಆದರೆ ನಾಲ್ಕನೆಯ ಸಂಬಂಧವೂ ಹೊಸಿಲು ದಾಟುತ್ತಿದೆ! ಅವಳು ಹಿತ್ತಿಲಿಗೆ ನುಗ್ಗಿದಳು. ಗೋಡೆಯಾಚೆ ಕಿವಿಗೊಟ್ಟು ನಿಂತಿದ್ದ ಖಾಜಾಬಿ ಎಲ್ಲಕ್ಕಿಂತ ದೊಡ್ಡ ಸೌಟನ್ನೇ ಚಾಚಿದಳು.

"ಲೇ! ನನ್ನ ಮನೇಲಿ ಕೂತು ನನಗೇ ಬುದ್ಧಿ ಹೇಳ್ತೀರಾ? ಚೊಂಬು ಎಸೀಲಿ ಅವಳು, ಕೈ ಮುರಿದು ಕೊಡ್ತೀನಿ!"

ತಟ್ಟೆ ಅಂಗಳಕ್ಕೆ ಹಾರಿತು. ಬೆಕ್ಕು ಸೂರಿಗೆ ಹಾರಿತು. ಶಿವರುದ್ರಮ್ಮ ಗಂಡನ ಬೆನ್ನ ಹಿಂದೆ ಅಡಗಿಕೊಂಡು, "ಇವರೇ ರೀ! ಇವರೇ!" ಎಂದು ಕಣ್ಣೊರೆಸಿಕೊಂಡಳು. ನಾಗಲಿಂಗಯ್ಯ ಸಂತೋಷದಿಂದ ನಡುಗುತ್ತ ತಾಂಬೂಲಕ್ಕೆ ಕೈ ಚಾಚಿದ.

ಅಷ್ಟರಲ್ಲಿ ಗದ್ದಲ ಕೇಳಿ ಬಾಗಿಲಲ್ಲಿ ನೆರೆದಿದ್ದ ಬೀದಿಯ ಜನ ಚಪ್ಪಾಳೆ ತಟ್ಟಿದರು. ಕಂಪನಿ ನಾಟಕದ ಹಳೇ ಗಿರಾಕಿ ಯಾರೋ ಎಲ್ಲರ ಹಿಂದಿನಿಂದ ಕೂಗಿದರು: "ಒನ್ಸ್ ಮೋರ್!"

ಇಪ್ಪತ್ತೈದು ವರ್ಷದ ಅಭ್ಯಾಸ ಸುಮ್ಮನಿರುತ್ತದೆಯೇ? ರಾಜಲಕ್ಷ್ಮಮ್ಮ ಗಕ್ಕನೆ ನಿಂತಳು. ಮುಗುಳ್ನಕ್ಕು ಜನರಿಗೆ ಕೈಮುಗಿದಳು. ಅಂಗಳಕ್ಕಿಳಿದು ತಟ್ಟೆ ಎತ್ತಿ ತಂದು ಮೊದಲಿದ್ದ ಜಾಗದಲ್ಲೇ ಇಟ್ಟಳು. ಆಮೇಲೆ "ಲೇ! ನನ್ನ ಮನೇಲಿ ಕೂತು..." ಎಂದು ಮೊದಲಿನಿಂದ, ಒಂದಕ್ಷರ ಬಿಡದೆ, ಇನ್ನೊಂದು ಸಲ ಸೌಟು ಬೀಸಿ ತಟ್ಟೆಯನ್ನು ಅಂಗಳಕ್ಕೆ ಹಾರಿಸಿದಳು.

ನಾಗಲಿಂಗಯ್ಯ ಚಾಚಿದ್ದ ಕೈ ಹಿಂದಕ್ಕೆ ತೆಗೆದುಕೊಂಡ.

"ಭೇಷಾಗಿ ಮಾಡ್ತೀರಿ ತಾಯಿ, ಭೇಷಾಗಿ. ಆದ್ರೆ ನಿಜವಾದ ಸಿಟ್ಟನ್ನ ಎರಡು ಸಲ ಯಾರೂ ಮಾಡಾಕಿಲ್ಲ. ನೀವು ಬಲು ಒಳ್ಳೆಯವರು. ನಾವು ಬತ್ತೀವಿ."

ಜನ ಕರಗಿತು. ಬಾಗಿಲಲ್ಲಿ ಚಿಕ್ಕಕ್ಕ ಒಬ್ಬಳೇ ಉಳಿದಳು. ಬೆಳಗ್ಗೆ ಹಂಗೆ ಅಂದದ್ದು ತಪ್ಪಾಯಿತೆಂದು ಮರುಗಿ, ಮಡಿಲಲ್ಲಿ ಹುರುಳಿಕಾಯಿ ಕಟ್ಟಿಕೊಂಡು ಬಂದಿದ್ದಳು. ಅವಳು ಅಂಗಳದ ತಟ್ಟೆ ನೋಡಿದಳು, ಸೌಟು ನೋಡಿದಳು, ಮಡಿಲನ್ನು ಬಿಗಿಯಾಗಿ ಹಿಡಿದುಕೊಂಡಳು.

"ಸಿನಿಮಾ ಅಂತೆ, ಹತ್ತಿ ಅಂತೆ! ಮನೆಗೆ ಬಂದ ನೆಂಟ್ರುಗೇ ಇಂಗೆ ಮಾಡೋಳು ಸೊಸೇನ ಬುಡ್ತೀಯಾ?" ಎಂದವಳು ಹುರುಳಿಕಾಯಿ ಸಮೇತ ವಾಪಸು ಹೋದಳು.