ಉಲ್ಟಾ ಕನೆಕ್ಟರ್ ಹಾಗೂ ಗ್ರಂಥಪಾಲಕರ ಮನೆಯ ಗಲಾಟೆ ಕುರಿತು

ಬಿಡಿಭಾಗ ಗ್ರಂಥಾಲಯ ಶಿಸ್ತು ವಿಭಾಗ
ಸಂಖ್ಯೆ: ಬಿಗ್ರಾ/ಮನೆ/ಉಲ್ಟಾ/೭(ಅ)

ವಿಷಯ: ಮನೆಯಿಂದ ಕೆಲಸ ಮಾಡುವ ಗ್ರಂಥಪಾಲಕರ ನಡವಳಿಕೆ.

ಉಲ್ಲೇಖ: ಗ್ರಂಥಪಾಲಕರ ಸಂದೇಶ: “ಸಾರ್, ವೈರು ಸಿಕ್ಕಿಸೋ ಕನೆಕ್ಟರ್ ನಕ್ಷೆ ಉಲ್ಟಾ ಬರೆದುಬಿಟ್ಟಿದ್ದೀನಿ, ಎಡದ ಕಾಲು ಬಲಕ್ಕೆ ಬಂದಿದೆ. ಬೋರ್ಡ್ ಅಚ್ಚಿಗೆ ಹೋಗೋ ಮುಂಚೆ ಲೈಬ್ರರಿ ಲಾಕ್ ತೆಗೀರಿ, ತಿದ್ದಿಬಿಡ್ತೀನಿ. ಕರೆಂಟ್ ಉಲ್ಟಾ ಹರಿದು ಬೋರ್ಡ್ ಸುಟ್ರೆ ನನ್ನ ಕೆಲಸ ಹೋಗುತ್ತೆ.”

ಸರ್ಕ್ಯೂಟ್ ಬೋರ್ಡಿನ ಮೇಲೆ ಯಾವ ಬಿಡಿಭಾಗದ ಯಾವ ಕಾಲು, ಅಂದರೆ ಪಿನ್ನು, ಎಲ್ಲಿ ಕೂರಬೇಕೆಂದು ನಕ್ಷೆ ಬರೆದು ಕಂಪ್ಯೂಟರಿನಲ್ಲಿ ಲೈಬ್ರರಿ ಎಂಬ ಕಡತದೊಳಗೆ ಜೋಡಿಸಿಡುವವರಿಗೆ ಗ್ರಂಥಪಾಲಕ ಎಂಬ ಹುದ್ದೆ ನೀಡಲಾಗಿದೆ. ಸದರಿಯವರ ಬಳಿ ಒಂದೂ ಪುಸ್ತಕ ಇಲ್ಲದಿರುವುದು ವಿಭಾಗದ ಗಮನಕ್ಕೆ ಬಂದಿದೆ. ಆದರೂ ಹುದ್ದೆ ಹುದ್ದೆಯೇ ಆದ್ದರಿಂದ ಈ ಮೂಲಕ ಸೂಚಿಸುವುದೇನೆಂದರೆ:

೧. ಗ್ರಂಥಪಾಲಕರು ಇರುವ ಮನೆಯೇ ಗ್ರಂಥಾಲಯ. ಅಲ್ಲಿ ಮೌನ ಕಡ್ಡಾಯ. ಕಳೆದ ವೀಡಿಯೊ ಸಭೆಯಲ್ಲಿ ಇವರ ಅತ್ತಿಗೆಯು ಬಟ್ಟೆ ಮಡಚುತ್ತಾ, “ಅಲ್ಲ ಕಣೋ, ಎಷ್ಟು ಸಲ ಹೇಳಿದ್ರೂ ತಿದ್ದೋಕೆ ಬಿಡಲ್ವಾ? ಕಿವಿ ಏನು ಮನೇಲಿ ಬಿಟ್ಟು ಬಂದಿದ್ದಾರಾ?” ಎಂದು ಕೇಳಿರುತ್ತಾರೆ. ಸಭೆಯಲ್ಲಿದ್ದ ಎಲ್ಲ ಅಧಿಕಾರಿಗಳ ಕಿವಿಗಳು ಕಚೇರಿಯಲ್ಲಿಯೇ ಇರುವುದನ್ನು ಪರಿಶೀಲಿಸಿ ದೃಢಪಡಿಸಲಾಗಿದೆ.

೨. ಸದರಿ ನಕ್ಷೆಗೆ ಫುಟ್‌ಪ್ರಿಂಟ್, ಅಂದರೆ ಹೆಜ್ಜೆಗುರುತು, ಎಂಬ ಹೆಸರಿದೆ. ದಿನವಿಡೀ ಕುರ್ಚಿ ಬಿಟ್ಟೇಳದ ನೌಕರರು ರಾಶಿ ಹೆಜ್ಜೆಗುರುತು ಮೂಡಿಸಿರುವುದು ಅನುಮಾನಾಸ್ಪದವಾಗಿದೆ. ಇನ್ನು ಮುಂದೆ ಬೆಳಿಗ್ಗೆ ಹಾಜರಾತಿಗೆ ಮುಖದ ಬದಲು ಪಾದವನ್ನು ಕ್ಯಾಮೆರಾಕ್ಕೆ ತೋರಿಸತಕ್ಕದ್ದು. ತೊಳೆದು ತೋರಿಸತಕ್ಕದ್ದು.

೩. ಚಿಪ್‌ನ ಒಂದನೇ ಕಾಲಿಗೆ ಮಾತ್ರ ಚುಕ್ಕಿ ಇಡುವ ಪದ್ಧತಿಯು ಉಳಿದ ಕಾಲುಗಳಿಗೆ ಮಾಡುವ ಅನ್ಯಾಯ. ಎಲ್ಲ ಕಾಲುಗಳಿಗೂ ಚುಕ್ಕಿ ಇಡುವುದು. “ಆಮೇಲೆ ಒಂದನೇದು ಯಾವುದು ಅಂತ ಹೆಂಗೆ ಗೊತ್ತಾಗುತ್ತೆ?” ಎಂದು ಕೇಳುವುದು ಉದ್ಧಟತನ.

೪. ಎರವಲು ಪಡೆದ ನಕ್ಷೆಗಳನ್ನು ಎಂಜಿನಿಯರುಗಳು ಅಂಚು ಮಡಚದೆ ಹಿಂದಿರುಗಿಸಬೇಕು. “ಕಾಪಿ ಮಾಡ್ಕೊಂಡಿದ್ದು, ಅದು ಅಲ್ಲೇ ಇದೆಯಲ್ಲ” ಎಂಬ ಸಬೂಬು ನಡೆಯುವುದಿಲ್ಲ.

೫. ಕನೆಕ್ಟರ್ ಬಗ್ಗೆ: ಅಧಿಕಾರಿಗಳ ಸಮಿತಿಯು ನಕ್ಷೆಯನ್ನು ಹಾಳೆಯ ಮೇಲೆ ತೆಗೆಸಿ, ಕಿಟಕಿಯ ಬೆಳಕಿಗೆ ಹಿಡಿದು, ಹಿಂದಿನಿಂದ ನೋಡಲಾಗಿ, ಕನೆಕ್ಟರ್ ನೆಟ್ಟಗೇ ಕಂಡುಬಂದಿದೆ. ಆದ್ದರಿಂದ ತಿದ್ದುಪಡಿ ಅನಗತ್ಯ. ಲಾಕ್ ತೆಗೆಯಲಾಗುವುದಿಲ್ಲ. ಬೋರ್ಡನ್ನು ಬಳಸುವವರೆಲ್ಲರೂ ಅದನ್ನು ಹಿಂದಿನಿಂದಲೇ ನೋಡತಕ್ಕದ್ದು.

೬. ಇಷ್ಟಾಗಿಯೂ ಬೋರ್ಡ್ ಸುಟ್ಟಲ್ಲಿ, ತಪ್ಪನ್ನು ಮೊದಲು ಕಂಡವರೇ ತಪ್ಪಿಗೆ ಹೊಣೆ.

(ಸಹಿ ಇದೆ, ಓದಲು ಬರುವುದಿಲ್ಲ)
ಶಿಸ್ತು ಅಧಿಕಾರಿ (ಪ್ರಭಾರ)

ಪ್ರತಿಗಳು:
ಬೋರ್ಡ್ ಅಚ್ಚು ಘಟಕ: ಇಂದೇ ಅಚ್ಚು ಹಾಕಲು.
ಗ್ರಂಥಪಾಲಕರು: ಮಾಹಿತಿಗಾಗಿ. ಉತ್ತರ ಬರೆಯಕೂಡದು.
ಅವರ ಅತ್ತಿಗೆ: ಮೌನಕ್ಕಾಗಿ.
ಅಗ್ನಿಶಾಮಕ ಠಾಣೆ: ಮುಂಗಡವಾಗಿ. ಬರುವಾಗ ಹಿಂಬಾಗಿಲಿನಿಂದ ಬರುವುದು. ಅಲ್ಲಿಂದ ನೋಡಿದರೆ ಎಲ್ಲ ಸರಿಯಾಗಿಯೇ ಇರುತ್ತದೆ.